ಮೀನು ಸತ್ತದ್ದು ವಿಷದಿಂದಲ್ಲ

“ಹ್ವಾದ ಸಲ ನನ್ನ ಮೈದುನ ಎಣ್ಣಿ ಹಾಕಿ ಮೀನ ಕೊಂದಿದ್ನ್ರೀ ಸರ್. ಈಗ ಅವ ಊರಾಗ ಇಲ್ಲ, ಮತ್ತ್ಯಾಕ ಸತ್ವು?”

ಗಬ್ಬೂರಿನ ಹುಲಿಗೆಮ್ಮ, ಸತ್ತ ಮೀನು ತೇಲುತ್ತಿದ್ದ ತಮ್ಮ ಹೊಂಡದ ದಂಡೆಯಲ್ಲಿ ನಿಂತು ಹೀಗೆ ಕೇಳಿದರು. ಎಣ್ಣೆ ಎಂದರೆ ಹತ್ತಿಗೆ ಹೊಡೆಯುವ ಕೀಟನಾಶಕ. ನೀರು ಪರೀಕ್ಷಿಸುವುದು ನನ್ನ ಕೆಲಸ. ನೋಡಿದರೆ ಹೊಂಡದ ತುಂಬ ಮೀನು ಸಾಯುವಷ್ಟು ಅಮೋನಿಯಾ.

ಊರ ಚರಂಡಿ ನೀರು ಈ ಹೊಂಡ ಸೇರುವ ಮೊದಲು ಜಲ್ಲಿಕಲ್ಲು ಹರಡಿ ಜೊಂಡು ಬೆಳೆಸಿದ ದೊಡ್ಡ ಪಾತಿಯೊಂದರಲ್ಲಿ ಹಾದು ಬರುತ್ತದೆ. ಜೊಂಡಿನ ಬೇರು, ಅದಕ್ಕಂಟಿದ ಸೂಕ್ಷ್ಮಜೀವಿಗಳು ಸೇರಿ ಚರಂಡಿ ನೀರಿನಲ್ಲಿರುವ ಅಮೋನಿಯಾವನ್ನು ಕಳೆಯುತ್ತವೆ. ಹೋಗಿ ನೋಡಿದೆ, ಪಾತಿಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಹಾವು ಸೇರುತ್ತವೆಂದು ಊರವರೇ ಎಲ್ಲವನ್ನೂ ಕಿತ್ತಿದ್ದರು. ಅದೂ ಮೊದಲ ಸಲ ಮೀನು ಸಾಯುವುದಕ್ಕಿಂತ ಸ್ವಲ್ಪ ಮುಂಚೆ.

ಎರಡು ಸಲವೂ ಮೀನು ಸತ್ತದ್ದು ಚರಂಡಿ ನೀರಿನಿಂದಲೇ ಇರಬೇಕು, ಯಾರೂ ವಿಷ ಹಾಕಿರಲಾರರು ಎಂದೆ. ಮೊದಲ ಸಲ ಮೀನು ಸತ್ತಾಗ ನೀನೇ ವಿಷ ಹಾಕಿದ್ದೆಂದು ಊರ ಮಂದಿಯ ಮುಂದೆ ಹುಲಿಗೆಮ್ಮ ಆಡಿದ ಮಾತಿಗೆ ನೊಂದು ಮೈದುನ ಹೆಂಡತಿ ಮಕ್ಕಳೊಂದಿಗೆ ರಾಯಚೂರು ಸೇರಿದ್ದ. ಹುಲಿಗೆಮ್ಮ ಅಲ್ಲೇ ಅವನಿಗೆ ಫೋನ್ ಹಚ್ಚಿ, “ನನ್ನ ಮಾತು ಕೇಳಂಗಿಲ್ಲ, ನೀವ ಹೇಳ್ರಿ ಸರ್” ಎಂದು ನನ್ನ ಕೈಗಿತ್ತರು. ನಾನು ಹೇಳಿದ್ದನ್ನೆಲ್ಲ ಆತ ಪೂರ್ತಿ ಕೇಳಿಸಿಕೊಂಡ.

“ನಾ ಹಾಕಿಲ್ಲ ಅಂತ ನನಗ ಅವತ್ತ ಗೊತ್ತಿತ್ತಲ್ರೀ,” ಎಂದು ಫೋನ್ ಇಟ್ಟುಬಿಟ್ಟ.

ಮತ್ತೆ ಜೊಂಡು ನೆಟ್ಟಿದ್ದೇವೆ, ಬೇರು ಹಿಡಿದಿದೆ. ಪರೀಕ್ಷೆಗೆ ಹೋದಾಗಲೆಲ್ಲ ಹುಲಿಗೆಮ್ಮ ನೀರಿನ ವಿಷಯ ಕೇಳುವುದೇ ಇಲ್ಲ. ಮೈದುನ ನನಗೇನಾದರೂ ಫೋನ್ ಮಾಡಿದ್ದನೇ ಎಂದು ಕೇಳುತ್ತಾರೆ. ಅವನಿನ್ನೂ ಮಾಡಿಲ್ಲ.