ಮೈದುನನ ಗುಳಿಗೆ

ನನ್ನ ಮೈದುನ ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಎರಡೂ ಕೈ ಮೈಗೆ ಅಂಟಿಕೊಂಡಿರುತ್ತಿದ್ದವು, ಬಾಯಿಯ ಮೂಲೆಯಲ್ಲಿ ಜೊಲ್ಲು. ಅದು ಗುಳಿಗೆ ಶುರುವಾದ ಮೇಲೆ. ಮೊದಲು ಹಾಗಿರಲಿಲ್ಲ.

ನಮ್ಮದು ಬಿಳಿಚೋಡು ಕಡೆಯ ಕುರಿ ಮನೆತನ. ನಾನು ಮದುವೆಯಾಗಿ ಬಂದಾಗ ಊರಿಗಿನ್ನೂ ಕರೆಂಟು ಇರಲಿಲ್ಲ. ಸಂಜೆ ಹಿಂಡು ಬಂದರೆ ಮರಿಗಳನ್ನು ಅವುಗಳ ತಾಯಿಗೆ ಬಿಡುವುದು ಅವನ ಕೆಲಸ. ಎಲ್ಲಾ ಒಟ್ಟಿಗೆ ಅರಚುತ್ತಿದ್ದರೂ ದನಿಯಿಂದಲೇ ಗುರುತು ಹಿಡಿದು ಸರಿಯಾದ ಕೆಚ್ಚಲಿಗೆ ಬಿಡುತ್ತಿದ್ದ. "ಅತ್ತಿಗೆಮ್ಮ, ನಿಮಗೆ ಕುರಿ ಎಲ್ಲಾ ಒಂದೇ ಥರ ಕಾಣ್ತಾವೆ. ನಮ್ಮಣ್ಣನ ಗುರುತಾದ್ರೂ ಐತಾ?" ಎಂದು ಕೆಣಕುತ್ತಿದ್ದ.

ಮೀಸೆ ದಪ್ಪವಾಗುವ ಹೊತ್ತಿಗೆ ಅವನಿಗೆ ಯಾರೋ ಬೈಯುವುದು ಕೇಳತೊಡಗಿತು. ಅಲ್ಲಿ ಯಾರೂ ಇರುತ್ತಿರಲಿಲ್ಲ. ದಾವಣಗೆರೆಯ ಡಾಕ್ಟರು ಗುಳಿಗೆ ಕೊಟ್ಟರು. ಬೈಗುಳ ನಿಂತಿತು. ಮರಿಗಳ ಗುರುತೂ ಹೋಯಿತು. ತಪ್ಪು ತಾಯಿಗೆ ಬಿಡುತ್ತಿದ್ದ. ಕುರಿ ಒದ್ದರೂ ಸುಮ್ಮನೆ ನಿಂತಿರುತ್ತಿದ್ದ.

ಕುರಿಗೆ ಸುತ್ತು ರೋಗ ಬಂದರೆ ನಿಂತಲ್ಲೇ ಸುತ್ತಿ ಸುತ್ತಿ ಸಾಯುತ್ತದೆ. ಅದರ ತಲೆ ಒಡೆದರೆ ಒಳಗೆ ನೀರಿನ ಗುಳ್ಳೆ, ಪಕ್ಕದಲ್ಲಿ ಸವೆದ ಮಿದುಳು. ನಾವೆಲ್ಲ ಕಂಡವರೇ. ಅತ್ತೆಗೆ ಅದೇ ಹೆದರಿಕೆ. "ಈ ಗುಳಿಗೆ ನನ್ನ ಮಗನ ಮಿದುಳು ತಿಂತಾವೆ" ಎಂದು ಗುಳಿಗೆ ನಿಲ್ಲಿಸಿ, ಅವನ ನೆತ್ತಿಗೆ ಹರಳೆಣ್ಣೆ ತಟ್ಟಿದರು.

ಸ್ವಲ್ಪ ದಿನ ಚೆನ್ನಾಗಿದ್ದ. ಮರಿಗಳ ಗುರುತು ಮರಳಿತು. ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು. ಆಮೇಲೆ ಒಂದು ಮಧ್ಯಾಹ್ನ, ತೊಟ್ಟಿಲಲ್ಲಿ ಅಳುತ್ತಿದ್ದ ನನ್ನ ಮಗ ತನ್ನನ್ನೇ ಬೈಯುತ್ತಿದ್ದಾನೆ ಎಂದುಕೊಂಡು ಮೈದುನ ಮಗುವಿನ ಬಾಯಿಗೆ ಕಂಬಳಿ ಒತ್ತಿದ. ನಾನು ದಬ್ಬಿದೆ. ಮಗು ಉಳಿಯಿತು.

ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವನೇ ಕೇಳಿದ: "ಸುತ್ತು ಬಂದ ಕುರಿ ಹಂಗೆ ನನ್ನ ಮಿದುಳೂ ಸವೀತೈತೇನ್ರಿ? ರೋಗದಿಂದಾನೋ, ಗುಳಿಗೆಯಿಂದಾನೋ?"

"ನನಗೂ ಗೊತ್ತಿಲ್ಲಪ್ಪ. ಬದುಕಿರೋರ ತಲೆ ಒಳಗೆ ನೋಡಾಕೆ ನನ್ನ ಹತ್ರ ಏನೂ ಇಲ್ಲ. ಗುಳಿಗೆ ಕಮ್ಮಿ ಮಾಡಿ ಕೊಡ್ತೀನಿ, ಬಿಡಬೇಡ."

ಮನೆಗೆ ಬಂದು ಉಂಡ ಮೇಲೆ ಅವನು ಗುಳಿಗೆಗೆ ನನ್ನ ಮುಂದೆ ಕೈ ಚಾಚಿದ.

"ಕೊಡ್ರಿ ಅತ್ತಿಗೆಮ್ಮ. ಹೋದ್ರೆ ನನ್ನ ಮಿದುಳು ತಾನೇ, ಹೋಗ್ಲಿ. ಮನೇಲಿ ಕೂಸೈತೆ."

ಅತ್ತೆ ಅತ್ತರು. ಅವನು ಆ ಕಡೆ ತಿರುಗಲಿಲ್ಲ. ಮರಿ ಬಿಡುವ ಕೆಲಸವನ್ನು ನನ್ನ ಗಂಡನಿಗೆ ಒಪ್ಪಿಸಿ, ಸಂಜೆ ಹೊತ್ತು ಕುರಿ ಹಟ್ಟಿಯ ಕಡೆ ಬರುವುದನ್ನೇ ಬಿಟ್ಟ. ಗುಳಿಗೆ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಜ್ವರ ಬಂದು ತೀರಿಕೊಂಡ. ಮಿದುಳು ಸವೆದಿತ್ತೋ ಇಲ್ಲವೋ ಯಾರೂ ನೋಡಲಿಲ್ಲ. ಹಾಗೇ ಮಣ್ಣು ಮಾಡಿದೆವು. ಹೆಣದ ಮುಂದೆ ಬೆಂಕಿ ಮಡಕೆ ಹಿಡಿದು ನಡೆದವನು ಅಂದು ತೊಟ್ಟಿಲಲ್ಲಿದ್ದ ನನ್ನ ಮಗ.