ಪೇಂಟರಣ್ಣ ಇಟ್ಟ ಚುಕ್ಕಿ

ಪೇಂಟರಣ್ಣ ಇನ್ನೂ ಸತ್ತಿಲ್ಲ. ಹಾಗಾಗಿ ಅವನನ್ನು ಹೊಗಳಬೇಕಾದ ಕಷ್ಟ ನನಗಿಲ್ಲ.

ನಮ್ಮ ಬೀದಿಯ ಗೋಡೆಗಳ ಮೇಲಿನ ಅಕ್ಷರವೆಲ್ಲ ಅವನದೇ. ಕಾರ್ಖಾನೆಯ ಗೇಟಿನೆದುರು ನಾವು ಧರಣಿ ಕೂತಾಗ ಹಿಡಿದ ಬ್ಯಾನರುಗಳನ್ನು ಬರೆದವನೂ ಅವನೇ. ಬೆಳಿಗ್ಗೆ ನಮಗೆ ‘ಧಿಕ್ಕಾರ’ ಬರೆದುಕೊಟ್ಟು, ಅದೇ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಮಧ್ಯಾಹ್ನ ಮಾಲೀಕನಿಗೆ ‘ಸುಸ್ವಾಗತ’ ಬರೆಯುತ್ತಿದ್ದ. ನಾಚಿಕೆ ಆಗಲ್ವಾ ಅಂದರೆ, “ಅಕ್ಷರಕ್ಕೆ ಯಾವ ಪಕ್ಷ ಹೋಗಯ್ಯ! ಒದೆ ತಿನ್ನೋದು ನಿಮ್ಮ ಕೆಲಸ, ಬರೆಯೋದು ನಂದು” ಅನ್ನುತ್ತಿದ್ದ. ಒಳ್ಳೆಯ ಕೈ, ಕೆಟ್ಟ ಬಾಯಿ. ಬೆನ್ನುಮೂಳೆ ಮಾತ್ರ ಇರಲಿಲ್ಲ.

ಮನೆ ಅಂದರೆ ಒಂದೇ ಕೋಣೆ. ಮಂಚದ ಕೆಳಗೆ ಬಣ್ಣದ ಡಬ್ಬಗಳು, ಮಂಚದ ಮೇಲೆ ಮಗಳು ಮತ್ತು ಮೊಮ್ಮಗಳು, ಬಾಗಿಲ ಬಳಿ ಚಾಪೆಯಲ್ಲಿ ಇವನು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ಅಳಿಯ ಬೇರೆ ಕಡೆ ಸಂಸಾರ ಹೂಡಿದ್ದ. ಮೊಮ್ಮಗಳನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ‘ರೇಡಿಯೋ’ ಅಂತ. ಎದ್ದಾಗಿನಿಂದ ಮಲಗುವವರೆಗೆ ಆ ಹುಡುಗಿಯ ಬಾಯಿ ನಿಂತದ್ದು ಯಾರೂ ಕಂಡಿಲ್ಲ. ಯಾರ ಮನೆಯಲ್ಲಿ ಯಾರು ಯಾರಿಗೆ ಏನು ಬೈದರು ಅನ್ನುವುದನ್ನು ಅದೇ ದನಿಯಲ್ಲಿ ಬಿತ್ತರಿಸುತ್ತಿತ್ತು. ಅಂಗಡಿಯಮ್ಮ ತನ್ನ ಗಂಡನನ್ನು ಉಗಿಯುವ ಧಾಟಿಯನ್ನಂತೂ ಅಂಗಡಿಯಮ್ಮನ ಎದುರಿಗೇ ಒಪ್ಪಿಸಿ ಮಿಠಾಯಿ ಗಿಟ್ಟಿಸುತ್ತಿತ್ತು.

ಆ ವರ್ಷ ರೇಡಿಯೋ ಶಾಲೆಗೆ ಸೇರಬೇಕಿತ್ತು. ಶಾಲೆ ಶುರುವಾಗುವ ಮೊದಲು ಮಕ್ಕಳಿಗೆಲ್ಲ ದಡಾರದ ಲಸಿಕೆ ಹಾಕಿಸಬೇಕು ಅಂತ ಆಸ್ಪತ್ರೆಯವರು ರಜೆಯಲ್ಲೇ ಶಿಬಿರ ಇಟ್ಟರು. ಆಗ ಕಾರ್ಡು ಗೀರ್ಡು ಏನೂ ಇರಲಿಲ್ಲ. ಸೂಜಿ ಚುಚ್ಚಿದ ಮೇಲೆ ನರ್ಸಮ್ಮ ಮಗುವಿನ ಎಡ ಹೆಬ್ಬೆರಳಿನ ಉಗುರಿಗೆ ನೇರಳೆ ಶಾಯಿಯ ಚುಕ್ಕಿ ಇಡುತ್ತಿದ್ದಳು. ಚುಕ್ಕಿ ಇದ್ದರೆ ಲಸಿಕೆ ಆಗಿದೆ ಅಂತ ಲೆಕ್ಕ. ಶಿಬಿರದ ವಿಷಯವನ್ನು ಶಾಲೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ನೆರಳು ಕೊಟ್ಟು, ಆಳೆತ್ತರದ ಅಕ್ಷರದಲ್ಲಿ ಬರೆದವನು ನಮ್ಮ ಪೇಂಟರಣ್ಣನೇ: ‘ಶಾಲೆಗೆ ಮೊದಲು ಲಸಿಕೆ’.

ಕಾರ್ಖಾನೆಯಲ್ಲಿ ಮಗಳಿಗೆ ರಜೆ ಕೊಡಲಿಲ್ಲ. “ಅಪ್ಪ, ನೀನೇ ಕರ್ಕೊಂಡು ಹೋಗು. ಮರೀಬೇಡ” ಅಂದು ಹೋದಳು. ಇವನು ಹೋದ. ಸಾಲು ಉದ್ದವಿತ್ತು. ಮುಂದಿನ ಮಗು ಕಿರುಚಿದ್ದು ಕೇಳಿ ರೇಡಿಯೋ ಇವನ ಮುಂಗೈ ಕಚ್ಚಿ ಬಿಡಿಸಿಕೊಂಡು ಓಡಿತು. ಹಿಡಿಯಬಹುದಿತ್ತು. ಆದರೆ ಸೂಜಿ ಹಾಕಿಸಿದರೆ ಜ್ವರ ಬರುತ್ತದೆ, ಜ್ವರದ ಮಗುವನ್ನು ಬಿಟ್ಟು ನಾಳೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಇಷ್ಟು ಯೋಚನೆ ಮಾಡಿ ಇವನೂ ಮಗುವಿನ ಹಿಂದೆ ಮನೆಗೆ ಬಂದ. ಮಂಚದ ಕೆಳಗಿನಿಂದ ನೀಲಿ ಡಬ್ಬ ಎಳೆದು, ಕೆಂಪು ಬೆರೆಸಿ, ಸಣ್ಣ ಬ್ರಷ್ಷಿನ ತುದಿಯಲ್ಲಿ ಮೊಮ್ಮಗಳ ಉಗುರಿಗೆ ಒಂದು ಚುಕ್ಕಿ ಇಟ್ಟ. ನರ್ಸಮ್ಮನೇ ಬಂದರೂ ಗುರುತು ಹಿಡಿಯಬಾರದು, ಹಾಗೆ.

ಅಷ್ಟಕ್ಕೇ ಸುಮ್ಮನಿದ್ದರೆ ಪೇಂಟರಣ್ಣ ಹೇಗಾದಾನು? ಬೀದಿಯಲ್ಲಿ ಕೊಚ್ಚಿಕೊಂಡ. “ಅವರ ಶಾಯಿ ನಾಲ್ಕು ಸಲ ಕೈ ತೊಳೆದ್ರೆ ಹೋಯ್ತು. ನಂದು ಎನಾಮಲ್ಲು. ಸ್ಕೂಲ್ ಬಾಗಿಲು ತೆಗೆಯೋ ತನಕ ಫಳಫಳ ಅನ್ನುತ್ತೆ!” ಜ್ವರದ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ತಾಯಂದಿರು ಒಬ್ಬೊಬ್ಬರಾಗಿ ಬಂದರು. “ಪೇಂಟರಣ್ಣ, ನಮ್ಮವನಿಗೂ ಒಂದು ಇಟ್ಟುಬಿಡು.” ಇಟ್ಟ. ಕಾಸು ಮುಟ್ಟಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದ, ಬೇವಾರ್ಸಿ.

ರಜೆ ಅರ್ಧ ಕಳೆಯುವಷ್ಟರಲ್ಲಿ ಬೀದಿಗೆ ದಡಾರ ಬಂತು. ರೇಡಿಯೋಗೆ ಜ್ವರ ಏರಿತು, ಕಣ್ಣು ಕೆಂಡವಾಯಿತು, ಮುಖದಿಂದ ಶುರುವಾಗಿ ಮೈಯೆಲ್ಲ ಕೆಂಪು ಗಂಧೆ. ಆಸ್ಪತ್ರೆಯಲ್ಲಿ ಜಾತ್ರೆಯಂಥ ನೂಕುನುಗ್ಗಲು. ಡಾಕ್ಟರಮ್ಮ ತಲೆ ಎತ್ತದೆ ಕೇಳಿದಳು: “ದಡಾರದ್ದು ಹಾಕಿಸಿದ್ದೀರಾ?”

ಮಗಳು ಹುಡುಗಿಯ ಹೆಬ್ಬೆರಳು ಎತ್ತಿ ಹಿಡಿದಳು. “ನೋಡಿ ಮೇಡಂ, ಚುಕ್ಕಿ ಇದೆಯಲ್ಲ.”

“ಹಾಗಾದ್ರೆ ಇದು ಬೇರೆ ಏನೋ ಗಂಧೆ. ಈ ಸಿರಪ್ ಕುಡಿಸಿ. ಮುಂದಿನವರು ಬನ್ನಿ.”

ಪೇಂಟರಣ್ಣ ಪಕ್ಕದಲ್ಲೇ ನಿಂತಿದ್ದ. ಒಂದೇ ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಗೋಡೆಯ ಮೇಲೆ ಊರಗಲ ಬರೆಯುವವನು ಬಾಯಿ ಬಿಡಲಿಲ್ಲ. ಮಗಳಿಗೆ ಹೆದರಿದ. ಮನೆಗೆ ಬಂದ ಮೇಲೆ ರೇಡಿಯೋ ಕಿವಿ ಹಿಡಿದುಕೊಂಡು ಹೊರಳಾಡಿತು. ಕೀವು ಸೋರಿ ದಿಂಬು ನೆನೆಯಿತು. ಆಗಲೂ ಹೇಳಲಿಲ್ಲ. ಹತ್ತಿ ಸುತ್ತಿ ಸುತ್ತಿ ಕೊಟ್ಟ.

ಜ್ವರ ಬಿಟ್ಟಿತು. ಮಗಳು ಹುಡುಗಿಗೆ ತಲೆ ಸ್ನಾನ ಮಾಡಿಸಲು ಕೂರಿಸಿದಳು. ಹಿಂದಿನಿಂದ, “ಕಣ್ಣು ಮುಚ್ಕೋ, ಸೋಪು” ಅಂದಳು. ಹುಡುಗಿ ಮುಚ್ಚಲಿಲ್ಲ. “ಮುಚ್ಕೋ ಅಂದ್ನಲ್ಲೇ!” ಮುಚ್ಚಲಿಲ್ಲ. ಸೋಪು ಕಣ್ಣಿಗಿಳಿದು ಚೀರಿತು. ಮಗಳು ಗಾಬರಿಯಿಂದ, ಕಣ್ಣು ತಿಕ್ಕುತ್ತಿದ್ದ ಅದರ ಕೈ ಹಿಡಿದು ಸೋಪು ಹೋಗಲಿ ಅಂತ ಉಜ್ಜುವಾಗ ಹೆಬ್ಬೆರಳಿನ ಚುಕ್ಕಿ ಹೊಪ್ಪಳೆಯಾಗಿ ಎದ್ದು ಅವಳ ಉಗುರಿನ ಸಂದಿಗೆ ಬಂತು. ಹಳೇ ಗೋಡೆಯಿಂದ ಬಣ್ಣ ಏಳುವ ಹಾಗೆ. ಅವಳು ಆ ಚೂರನ್ನು ನೋಡಿದಳು. ಆಮೇಲೆ ಮಂಚದ ಕೆಳಗಿನ ಡಬ್ಬಗಳನ್ನು ನೋಡಿದಳು.

“ಸೂಜಿ ಅಂದ್ರೆ ಅಳ್ತಿತ್ತು ಕಣೇ…” ಅಂದ ಪೇಂಟರಣ್ಣ.

ಅವಳು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ಬಂದಳು. ಎರಡೂ ಕಿವಿ ಹೋಗಿವೆ, ಮೊದಲೇ ದಡಾರ ಅಂತ ಗೊತ್ತಾಗಿದ್ದರೆ ಉಳಿಯುತ್ತಿದ್ದವೋ ಇಲ್ಲವೋ ಹೇಳಲಾಗದು ಅಂದರಂತೆ. ಶಾಲೆ ತೆರೆಯುವ ಮೊದಲು ಬಿಟ್ಟುಹೋದ ಮಕ್ಕಳಿಗಾಗಿ ಕೊನೆಯದೊಂದು ಶಿಬಿರ ಇದೆ ಅಂತಲೂ ನರ್ಸಮ್ಮ ಹೇಳಿದ್ದಳು. ಮಗಳು ಅಪ್ಪನ ಎದುರು ನಿಂತಳು.

“ಇನ್ನೂ ಯಾರ ಯಾರ ಮನೆ?”

“ನೆನಪಿಲ್ಲ.”

“ಬೇಕಾಗಿಲ್ಲ ಬಿಡು. ಯಾವ ಉಗುರು ಹೊಳೀತಿದೆಯೋ ಅದು ನಿಂದು. ಏಳು.”

ಹೀಗೆ ಹೊರಟಿತು ಮೆರವಣಿಗೆ. ನಾನು ಬದುಕಿನಲ್ಲಿ ಎಷ್ಟೋ ಮೆರವಣಿಗೆ ಹೋಗಿದ್ದೇನೆ, ಇಷ್ಟು ನಿರ್ದಯವಾದದ್ದು ಕಂಡಿಲ್ಲ. ಮುಂದೆ ಮಗಳು, ಅವಳ ಕೈ ಹಿಡಿದು ರೇಡಿಯೋ, ಹಿಂದೆ ಸ್ಟೀಲ್ ತಟ್ಟೆ ಹಿಡಿದ ಪೇಂಟರಣ್ಣ. ಮೊದಲ ಮನೆಯಲ್ಲಿ ಮಗುವಿನ ಹೆಬ್ಬೆರಳು ಹಿಡಿದು ಚುಕ್ಕಿಯನ್ನು ಉಗುರಿನಿಂದ ಎಬ್ಬಿಸಿ ತಾಯಿಗೆ ತೋರಿಸಿದಳು. ಆಮೇಲೆ ರೇಡಿಯೋವನ್ನು ಆ ಮನೆಯ ಮಕ್ಕಳ ನಡುವೆ ನಿಲ್ಲಿಸಿ, “ಅಪ್ಪ, ತಟ್ಟೆ ಬೀಳಿಸು” ಅಂದಳು.

ಪೇಂಟರಣ್ಣ ಬೆನ್ನ ಹಿಂದಿನಿಂದ ತಟ್ಟೆ ಬಿಟ್ಟ. ಮಕ್ಕಳೆಲ್ಲ ಬೆಚ್ಚಿ ಹಾರಿದವು. ರೇಡಿಯೋ ಎದುರಿನ ಕ್ಯಾಲೆಂಡರ್ ನೋಡುತ್ತಿತ್ತು.

“ಸೂಜಿಗೆ ಕರ್ಕೊಂಡು ಬನ್ನಿ” ಅಂದು ಮುಂದಿನ ಮನೆಗೆ ನಡೆದಳು. ಒಬ್ಬಳು ಅತ್ತಳು, ಇನ್ನೊಬ್ಬಳು ಪೇಂಟರಣ್ಣನಿಗೆ ಪೊರಕೆ ತೋರಿಸಿದಳು. ಮಗಳು ಬಾಗಿ ತಟ್ಟೆ ಎತ್ತಿ ಅಪ್ಪನ ಕೈಗೆ ಕೊಡುತ್ತಿದ್ದಳು, ಅಷ್ಟೇ.

ಅಂಗಡಿಯಮ್ಮನ ಮನೆಗೆ ಬರುವಷ್ಟರಲ್ಲಿ ರೇಡಿಯೋಗೆ ಇದೊಂದು ಆಟ ಅಂತ ಅನ್ನಿಸಿಬಿಟ್ಟಿತ್ತು. ಪಕ್ಕದಲ್ಲಿದ್ದ ಅಂಗಡಿಯಮ್ಮನ ಮೊಮ್ಮಕ್ಕಳು ಹಾರಿದ್ದು ನೋಡಿ ತಾನೂ ಹಾರಿ, ಚಪ್ಪಾಳೆ ತಟ್ಟಿ ನಕ್ಕಿತು.

“ಏನು ನಾಟಕನಮ್ಮಾ ಇದು!” ಅಂಗಡಿಯಮ್ಮ ಸೊಂಟಕ್ಕೆ ಕೈ ಇಟ್ಟಳು. “ಕೇಳ್ತಿದೆಯಲ್ಲ ಚೆನ್ನಾಗಿ! ಆಸ್ಪತ್ರೆಯವರು ಎಷ್ಟು ಕೊಟ್ರು ನಿನಗೆ?”

ಮಗಳ ಮುಖ ಒಂದು ಗಳಿಗೆ ಬೆಳಗಿತು. ಅದನ್ನು ನೋಡಬಾರದಿತ್ತು. ಅವಳೂ ನಂಬಿದಳು. ಓಡಿಹೋಗಿ ಹುಡುಗಿಯ ಮುಖವನ್ನು ಗೋಡೆಗೆ ತಿರುಗಿಸಿ, ಕಣ್ಣಿನ ಮೇಲೆ ಅಂಗೈ ಮುಚ್ಚಿ, “ಬೀಳಿಸು” ಅಂದಳು. ಬಿತ್ತು. ಹುಡುಗಿ ಅಲ್ಲಾಡಲಿಲ್ಲ. “ಇನ್ನೊಂದು ಸಲ.” ಬಿತ್ತು. “ಇನ್ನೊಂದು ಸಲ ಬೀಳಿಸು ಅಪ್ಪ!”

“ಸಾಕು ಬಿಡೇ ತಾಯಿ” ಅಂದಳು ಅಂಗಡಿಯಮ್ಮ. ಸೊಂಟದ ಮೇಲಿನ ಕೈ ಎಂದೋ ಇಳಿದಿತ್ತು.

ರೇಡಿಯೋ ತಿರುಗಿ, ಅಂಗಡಿಯಮ್ಮ ಗಂಡನನ್ನು ಉಗಿಯುವ ಧಾಟಿಯನ್ನು ಒಪ್ಪಿಸಿತು. ದನಿ ಎಲ್ಲೆಲ್ಲೋ ಏರಿ ಇಳಿದು, ಒಂದು ಮಾತೂ ಮೊದಲಿನ ಹಾಗಿರಲಿಲ್ಲ. ಮುಗಿಸಿ, ಮಿಠಾಯಿಗೆ ಕೈ ಚಾಚಿ ನಿಂತಿತು.

ಕೊನೆಯ ಶಿಬಿರ ಶಾಲೆಯ ಅಂಗಳದಲ್ಲಿ, ಅವನ ಕೆಂಪು ಅಕ್ಷರಗಳ ಕೆಳಗೇ ನಡೆಯಿತು. ತಟ್ಟೆ ಸದ್ದು ಕೇಳಿದ ಮನೆಗಳಿಂದ ಬಹಳ ಜನ ಬಂದರು. ಒಂದು ಮನೆಯವರು ಬರಲೇ ಇಲ್ಲ. ಅವರ ಮಗನಿಗೆ ಇವತ್ತಿನವರೆಗೆ ಏನೂ ಆಗಿಲ್ಲ, ಅದನ್ನೇ ಹೇಳಿಕೊಂಡು ಮೆರೆಯುತ್ತಾರೆ. ಸರ್ಕಾರವನ್ನು ಬೈಯುವುದು ಹೇಗೆ ಅಂತ ನನಗೆ ಯಾರೂ ಕಲಿಸಬೇಕಿಲ್ಲ. ಆದರೂ ಹೇಳುತ್ತೇನೆ: ಮೊದಲು ಮಕ್ಕಳಿಗೆ ಸೂಜಿ ಹಾಕಿಸಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ನಾನೂ ಬರುತ್ತೇನೆ.

ಆ ದಿನ ಪೇಂಟರಣ್ಣನನ್ನು ಮಗಳು ನರ್ಸಮ್ಮನ ಪಕ್ಕದ ಬೆಂಚಿನ ಮೇಲೆ ಕೂರಿಸಿದ್ದಳು. ಅಳುವ ಮಕ್ಕಳನ್ನು ತೊಡೆಯ ಮೇಲೆ ಹಿಡಿದುಕೊಳ್ಳುವುದು ಅವನ ಕೆಲಸ. ಅಂಗಡಿಯಮ್ಮನ ಮೊಮ್ಮಗ ಸೂಜಿ ಕಂಡದ್ದೇ ಕೊಸರಾಡಿ, ಅವನ ಮುಂಗೈಗೆ ಬಾಯಿ ಹಾಕಿ ರಕ್ತ ಬರುವಂತೆ ಕಚ್ಚಿದ. ಪೇಂಟರಣ್ಣ ತಲೆ ಎತ್ತಿ ಮಗಳ ಕಡೆ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು.

“ಬೇಗ ಚುಚ್ಚಮ್ಮ” ಅಂದ. ಕೈ ಬಿಡಲಿಲ್ಲ.