ಬಾಯಿಬಿಟ್ಟು ಕೇಳಿದ ಶಂಕ್ರೆವ್ವ

ಶಂಕ್ರೆವ್ವ ನಮ್ಮ ಇಂಡಿ ಕಡೆಯ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ಅವಳ ಬಾಯಿಗೆ ಟೆಂಪೊದ ಹಾರ್ನೂ ನಾಚಬೇಕು. ಮಂಗಳವಾರ ಇಂಡಿ ದವಾಖಾನೆಗೆ ಮನೋರೋಗದ ಡಾಕ್ಟರು ಬಂದಾಗ ಗುಳಿಗೆ ಕೊಡುವ ನರ್ಸು ನಾನು, ಸುಜಾತಾ. ರೋಗಿಗಳನ್ನು ಕರೆತರುವ ಅವಳಿಂದ ಬೈಸಿಕೊಳ್ಳದ ಮಂಗಳವಾರವೇ ಇಲ್ಲ ಎನ್ನಿ.

ಹೋದ ವರ್ಷ ಒಂದು ಮಂಗಳವಾರ, ಅವಳ ಊರಿನ ಕುರಿ ಕಾಯುವ ಮಾಳಿಂಗಪ್ಪನ ತಾಯಿ ಯಲ್ಲವ್ವ ಒಬ್ಬಳೇ ಬಂದಳು. ಮಗ ಎರಡು ವರ್ಷದಿಂದ ಖಿನ್ನತೆಗೆ ಗುಳಿಗೆ ನುಂಗುವವನು. ಅಂದು ಅವಳ ಮುಖ ಅರಳಿತ್ತು.

"ಆರಾಮ ಆಗ್ಯಾನ್ರಿ ಸಿಸ್ಟರ್! ನಿನ್ನಿಯಿಂದ ನಕ್ಕೋತ ಅದಾನ. ದೇವರಿಗೆ ಹರಕಿ ಅಂತ ತನ್ನ ಟಗರನ್ನ ಕಾಕಾನ ಮಗಗ ಪುಕ್ಕಟೆ ಕೊಟ್ಟಾನ."

ನನಗೂ ಹಿಗ್ಗೇ ಹಿಗ್ಗು. ಗುಳಿಗೆ ಕಟ್ಟತೊಡಗಿದೆ.

ಹಿಂದೆ ನಿಂತಿದ್ದ ಶಂಕ್ರೆವ್ವ ಮುಂದೆ ನುಗ್ಗಿದಳು. "ಟಗರು ಕೊಟ್ಟಾನ? ತಾ ಉಪಾಸ ಬಿದ್ದಾಗೂ ಅದಕ್ಕ ಕಡ್ಲಿ ನೆನಸಿ ಹಾಕಿದಾಂವ! ಆರಾಮ ಆದಾಂವ ಟಗರು ಮೆರಸ್ತಾನ, ಕೊಡೂದಿಲ್ಲ. ಏಳ್ರಿ ಸಿಸ್ಟರ್!"

ಅವನ ಬಾಜೂ ಮನೆಯ ಮಾಬುಬಿಗೆ ಫೋನ್ ಮಾಡಿ, "ನಾ ಬರೂತನಕ ಅವನ ಹಂತ್ಯಾಕ ಕುಂಡ್ರು" ಎಂದಳು. ಟಗರಿನ ಸುದ್ದಿ ಕೇಳಿ ಡಾಕ್ಟರು ಈಗಲೇ ಕರೆತನ್ನಿ ಎಂದರು. ಮೂವರೂ ಟೆಂಪೊ ಹತ್ತಿದೆವು.

ಮಾಳಿಂಗಪ್ಪ ಮಾಬುಬಿಯ ಪಕ್ಕ ಕಟ್ಟೆಯ ಮೇಲೆ ನಗುತ್ತ ಕೂತಿದ್ದ. "ಚಾ ಕುಡೀರಿ" ಎಂದ. ಶಂಕ್ರೆವ್ವ ಅವನೆದುರು ನೆಲದಲ್ಲೇ ಕೂತಳು.

"ತಮ್ಮಾ, ಸಾಯಬೇಕಂತ ಮಾಡೀಯೇನು?"

"ಬಿಡ್ತು ಅನ್ನ!" ಯಲ್ಲವ್ವ ಚೀರಿದಳು. "ಮನ್ಯಾಗ ಅಂಥಾ ಮಾತು ಆಡ್ತಾರೇನ?"

ನಿಜ ಹೇಳುತ್ತೇನೆ, ನರ್ಸಾಗಿ ನನಗೂ ಸಿಟ್ಟು ಬಂತು. ಇಲ್ಲದ್ದನ್ನು ತಲೆಗೆ ಹಾಕಿದಂತಾಗುವುದಿಲ್ಲವೇ?

"ಅನ್ನೂದಿಲ್ಲ," ಎಂದಳು ಶಂಕ್ರೆವ್ವ. "ಕೇಳಿದ್ರ ಯಾರೂ ಸಾಯೂದಿಲ್ಲ ಯಲ್ಲವ್ವಾ. ಹೇಳು ತಮ್ಮಾ."

ಅವನ ನಗು ಬಾಡಿತು. "ಹೌದಕ್ಕಾ," ಎಂದ. "ಯಾರರ ಕೇಳ್ತಾರಂತ ಕಾಯ್ದೆ." ತಾಯಿಯ ಮಡಿಲಲ್ಲಿ ತಲೆಯಿಟ್ಟು ಗಳಗಳ ಅತ್ತ.

ನನಗೋ ಕುಣಿಯುವಷ್ಟು ಸಂತೋಷ! ಹೇಳಿಬಿಟ್ಟನಲ್ಲ, ಇನ್ನು ಅವನೊಬ್ಬನೇ ಅಲ್ಲವಲ್ಲ! ಅದೇ ಟೆಂಪೊದಲ್ಲಿ ದವಾಖಾನೆಗೆ ಕರೆತಂದೆವು. ಡಾಕ್ಟರು ಭರ್ತಿ ಮಾಡಿಕೊಂಡು ಗುಳಿಗೆ ಬದಲಿಸಿದರು. ಎರಡು ವಾರಕ್ಕೆ ಮನೆಗೆ ಹೋದ. ಗುಳಿಗೆ ಡಬ್ಬಿ ಯಲ್ಲವ್ವನ ಕೈಯಲ್ಲಿ, ದಿನಕ್ಕೆ ದಿನದಷ್ಟೇ. ಸೀದಾ ಗುಣವಾದ ಎಂದರೆ ಸುಳ್ಳಾದೀತು, ಏರಿಳಿತ ಇದ್ದೇ ಇತ್ತು.

ಹೋದ ತಿಂಗಳು ನಾನು ಲಸಿಕೆ ಕೆಲಸಕ್ಕೆ ಶಂಕ್ರೆವ್ವನ ಮನೆಯಲ್ಲಿದ್ದೆ. ಬೆಳಿಗ್ಗೆ ಮಾಳಿಂಗಪ್ಪ ಕುರಿಗಳನ್ನು ಯಾರಿಗೋ ಒಪ್ಪಿಸಿ, ಎರಡು ಮೈಲಿ ನಡೆದು ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಆ ವಿಚಾರ ಮತ್ತ ಬಂದೈತಿ. ನೀ ಕೇಳೂಕಿಂತ ಮೊದಲ ನಾನ ಹೇಳಾಕ ಬಂದೇನಿ."

"ಚಲೋ ಮಾಡಿದಿ ತಮ್ಮಾ," ಎಂದು ಜೋರುಬಾಯಿಯ ಶಂಕ್ರೆವ್ವ ಮೆಲ್ಲಗೆ ಅಂದಳು. ಅವನ ಕೈಹಿಡಿದು ಒಳಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡಳು.